ಕ್ಯಾಲ್ಕುಲಸ್‌ಗೆ ಎಂಟನೆಯ ಹೆಸರು

ಶಾಲೆಯ ಅಡುಗೆಮನೆಯಲ್ಲಿ ಇನ್ನೂರ ಹನ್ನೆರಡು ಮಕ್ಕಳಿಗೆ ಕೋಳಿ ಸಾರು ಕುದಿಯುತ್ತಿರುವ ಹೊತ್ತಿನಲ್ಲಿ ಲೂಸೆಟ್ ಮಿಶೋಳನ್ನು ಯಾರೂ ಮಾತಿಗೆ ಎಳೆಯುವುದಿಲ್ಲ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಎಂಬುದು ಸೇಂಟ್ ಓಡಿಲ್ ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದಕ್ಕೇ ಡಿಸೆಂಬರಿನ ಆ ಸೋಮವಾರ ಬೆಳಿಗ್ಗೆ ಲಿಯೋ ಟಾರ್ಡಿಫ್ ಕೈಯಲ್ಲೊಂದು ಕಾಗದ ಹಿಡಿದು ಬಾಗಿಲಲ್ಲೇ ನಿಂತಿದ್ದ. ಲಿಯೋ ಆ ಹೈಸ್ಕೂಲಿನ ಸಲಹೆಗಾರ. ಯಾವ ಮಗು ಯಾವ ಪಾಠ ತೆಗೆದುಕೊಳ್ಳಬೇಕು, ಯಾವ ಕಾಲೇಜಿಗೆ ಅರ್ಜಿ ಹಾಕಬೇಕು ಎಂದು ಹೇಳುವವನು ಅವನೇ. ಸಾಕರ್ ಆಡಿಸುವವನೂ, ಕಾರು ಓಡಿಸಲು ಕಲಿಸುವವನೂ ಅವನೇ. ಲೂಸೆಟ್ ಜೊತೆ ಇದೇ ಶಾಲೆಯಲ್ಲಿ ಓದಿದವನಾದ್ದರಿಂದ ಅವಳ ಬಾಯಿಗೆ ಹೆದರುವುದು ಅವನಿಗೆ ಚಿಕ್ಕಂದಿನ ಅಭ್ಯಾಸ.

"ಏನೋ ಲಿಯೋ, ಇಂಥಾ ಚಳೀಲಿ ಬಾಗಿಲು ತೆಕ್ಕೊಂಡು ನಿಂತಿದೀಯಲ್ಲ? ಒಳಗಾದ್ರೂ ಬಾ, ಹೊರಗಾದ್ರೂ ಹೋಗು."

"ಜೊಯೆಲ್ ವಿಷಯ," ಅಂದ ಲಿಯೋ.

ಸೌಟು ಪಾತ್ರೆಯಲ್ಲೇ ನಿಂತಿತು.

ಜೊಯೆಲ್ ಲೂಸೆಟ್‌ಳ ಒಬ್ಬಳೇ ಮಗಳು, ಹನ್ನೆರಡನೇ ತರಗತಿ. ಸೇತುವೆ ಕಟ್ಟಬೇಕೆಂಬ ಹುಚ್ಚು ಅವಳಿಗೆ ಯಾವಾಗ ಹಿಡಿಯಿತೋ ಗೊತ್ತಿಲ್ಲ. ಆರು ವರ್ಷದವಳಿದ್ದಾಗಲೇ ಅಮ್ಮ ಕಾವಲಿಯ ಮೇಲೆ ಪ್ಲೋಯ್ ಎಂಬ ದೋಸೆ ಹುಯ್ಯುತ್ತಿದ್ದರೆ ಇವಳು ಎರಡು ತಟ್ಟೆಗಳ ನಡುವೆ ಚಮಚಗಳನ್ನು ಅಡ್ಡ ಇಟ್ಟು ಆಟದ ಲಾರಿ ದಾಟಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ ಕಾಲೇಜು, ದಕ್ಷಿಣಕ್ಕೆ ಏಳು ಗಂಟೆ ದಾರಿಯ ಥಾರ್ನ್‌ಬರಿ. ಶುಕ್ರವಾರ ಅಲ್ಲಿಂದ ಉತ್ತರ ಬಂದಿತ್ತು. ಹೂಂ ಅಂತಲೂ ಇಲ್ಲ, ಉಹೂಂ ಅಂತಲೂ ಇಲ್ಲ. ತೀರ್ಮಾನವನ್ನು ಮಾರ್ಚ್‌ಗೆ ಮುಂದೂಡಿದ್ದೇವೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಜೊಯೆಲ್ ಅಳಲಿಲ್ಲ. ಎರಡು ದಿನ ಯಾರ ಜೊತೆಗೂ ಮಾತಾಡದೆ ಮನೆ ಮುಂದಿನ ಹಿಮವನ್ನೆಲ್ಲ ಎತ್ತಿ ಹಾಕಿದಳು, ಆಮೇಲೆ ಪಕ್ಕದ ಮನೆಯವರ ಹಿಮವನ್ನೂ ಎತ್ತಿ ಹಾಕಿದಳು.

"ಕಾಲೇಜಿಗೆ ಫೋನ್ ಮಾಡಿದ್ದೆ," ಅಂದ ಲಿಯೋ. "ನಮ್ಮ ಕಡೆ ಅರ್ಜಿ ಓದೋ ಹೆಂಗಸು ಒಳ್ಳೆಯವಳು, ಮುಚ್ಚುಮರೆ ಇಲ್ದೆ ಹೇಳಿದಳು. ಜೊಯೆಲ್ ಅಂಕಗಳೆಲ್ಲ ಚೆನ್ನಾಗಿವೆಯಂತೆ. ಆದ್ರೆ ನಿಮ್ಮ ಶಾಲೇಲಿ ಕ್ಯಾಲ್ಕುಲಸ್ ಇದ್ರೂ ಈ ಹುಡುಗಿ ಯಾಕೆ ತಗೊಂಡಿಲ್ಲ, ಕಷ್ಟ ಅಂದ್ರೆ ಹಿಂದೆ ಸರಿಯೋಳಾ ಅಂತ ಕೇಳಿದಳು."

"ಎಲ್ಲಿದೆಯೋ ನಮ್ಮ ಶಾಲೇಲಿ ಕ್ಯಾಲ್ಕುಲಸ್ಸು? ಆರು ವರ್ಷದಿಂದ ಆ ಕೋಣೇಲಿ ಮುರಿದ ಕುರ್ಚಿ ತುಂಬಿಟ್ಟಿದ್ದಾರೆ!"

ಲಿಯೋ ಕೈಯಲ್ಲಿದ್ದ ಕಾಗದವನ್ನು ಮುಂದೆ ಹಿಡಿದ. ಅದು ಶಾಲೆಯ ಪರಿಚಯ ಪತ್ರ. ಪ್ರತಿ ಅರ್ಜಿಯ ಜೊತೆಗೂ ಕಾಲೇಜಿಗೆ ಹೋಗುವ ಕಾಗದ. ನಮ್ಮಲ್ಲಿ ಇಷ್ಟು ಮಕ್ಕಳು, ಇಂತಿಂಥ ಪಾಠಗಳು ಎಂದು ಅದರಲ್ಲಿರುತ್ತದೆ. ಮಗು ಓದಿದ್ದು ಕಠಿಣವೋ ಸುಲಭವೋ ಎಂದು ಕಾಲೇಜಿನವರು ಅಳೆಯುವುದು ಆ ಪಟ್ಟಿಯ ಪಕ್ಕದಲ್ಲಿಟ್ಟೇ. ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ 'ಕ್ಯಾಲ್ಕುಲಸ್' ಎಂದಿತ್ತು.

"ಪ್ರತಿ ವರ್ಷ ಹಳೇದನ್ನೇ ತೆಗೆದು ಇಸವಿ ಒಂದು ಬದಲಾಯಿಸ್ತೀನಿ," ಅಂದ ಲಿಯೋ, ನೆಲ ನೋಡುತ್ತ. "ಹೆಸರು ಇದ್ರೆ ಶಾಲೆಗೊಂದು ಗೌರವ ಅಂತ ಹಿಂದಿನ ಪ್ರಿನ್ಸಿಪಾಲರು ಹೇಳ್ತಿದ್ರು. ಲೆಕ್ಕಕ್ಕೆ ಪಾಠ ಇದೆ ಕಣೇ. ಎಂಟು ಮಕ್ಕಳು ಸೇರಿದ್ರೆ ನಡೆಯುತ್ತೆ. ಪ್ರತಿ ವರ್ಷ ಮೂವರೋ ನಾಲ್ವರೋ ಸೇರ್ತಾರೆ, ರದ್ದಾಗುತ್ತೆ."

"ಇನ್ನೇನಾದ್ರೂ ಇದೆಯಾ, ಇಷ್ಟೇನಾ?"

ಇನ್ನೂ ಇತ್ತು. ಸಲಹೆಗಾರ ತುಂಬುವ ಫಾರಂನಲ್ಲಿ ಒಂದು ಪ್ರಶ್ನೆ: ಈ ವಿದ್ಯಾರ್ಥಿ ಆರಿಸಿಕೊಂಡ ಪಾಠಗಳು ನಿಮ್ಮ ಶಾಲೆಯಲ್ಲಿ ಸಿಗುವುದರ ಪೈಕಿ ಎಷ್ಟು ಕಠಿಣ? ಕೆಳಗೆ ಐದು ಮನೆಗಳು. ಐದನೆಯದು 'ಅತ್ಯಂತ ಕಠಿಣ'. ಪಟ್ಟಿಯಲ್ಲಿ ಕ್ಯಾಲ್ಕುಲಸ್ ಇದೆ, ಹುಡುಗಿ ಓದಿಲ್ಲ, ಸುಳ್ಳು ಹೇಳಬಾರದು ಎಂದು ಈ ಸತ್ಯಹರಿಶ್ಚಂದ್ರ ನಾಲ್ಕನೇ ಮನೆಗೆ ಗುರುತು ಹಾಕಿದ್ದ.

ಲೂಸೆಟ್ ಸೌಟನ್ನು ಕೈಗೆ ತೆಗೆದುಕೊಂಡಳು. ಲಿಯೋ ಒಂದು ಹೆಜ್ಜೆ ಹಿಂದೆ ಸರಿದ.

"ಅಲ್ವೋ, ನಾನು ಊಟದ ಪಟ್ಟೀಲಿ ಹಂದಿ ರೋಸ್ಟು ಅಂತ ಬರೆದು ಆರು ವರ್ಷ ಬರೀ ಬೀನ್ಸು ಬಡಿಸ್ತೀನಿ ಅನ್ನು. ಮಕ್ಕಳು ರೋಸ್ಟು ಮುಟ್ಟಲೇ ಇಲ್ಲ, ಅವಕ್ಕೆ ಮಾಂಸ ಜಗಿಯೋ ತಾಕತ್ತಿಲ್ಲ ಅಂತ ಮೇಲಕ್ಕೆ ಬರೀತೀಯಾ?"

"ತಪ್ಪಾಯ್ತು ಮಾರಾಯ್ತಿ. ತಿದ್ದಿ ಕಾಗದ ಬರೀತೀನಿ."

"ಬರೆದ್ರೆ ಸಾಕಾಗುತ್ತಾ?"

ಲಿಯೋ ತಲೆ ಕೆರೆದುಕೊಂಡ. ಕಾಗದ ಬಂದರೆ ಫೈಲಿಗೆ ಸೇರಿಸುತ್ತೇವೆ, ಆದರೆ ಎಂಜಿನಿಯರಿಂಗ್‌ಗೆ ಕಾದು ಕೂತಿರುವ ಉಳಿದ ಮಕ್ಕಳೆಲ್ಲ ಕ್ಯಾಲ್ಕುಲಸ್ ಓದಿದವರು ಎಂದಿದ್ದಳಂತೆ ಆ ಹೆಂಗಸು. ಜನವರಿಯಿಂದ ತರಗತಿ ಶುರುವಾಗಿ, ಫೆಬ್ರವರಿ ವರದಿಯಲ್ಲಿ ಜೊಯೆಲ್ ಅಂಕ ಕಾಣಿಸಿದರೆ ಮಾತ್ರ ಮಾತೇ ಬೇರೆ. ಆನ್‌ಲೈನ್ ಪಾಠಕ್ಕೆ ಸೇರುವ ಗಡುವು ಸೆಪ್ಟೆಂಬರಿನಲ್ಲಿ, ಮಕ್ಕಳೆಲ್ಲ ಕೊಯ್ಲು ರಜೆಯಲ್ಲಿ ಆಲೂಗಡ್ಡೆ ಹೊಲದಲ್ಲಿದ್ದಾಗಲೇ ಮುಗಿದುಹೋಗಿತ್ತು. ಪಾಠ ಹೇಳಲು ಸೋಸಿಯೇ ಎಂಬ ಹಳೇ ಗಣಿತದ ಮೇಷ್ಟ್ರು ತುದಿಗಾಲಲ್ಲಿ ನಿಂತಿದ್ದರು. ಬೇಕಾಗಿದ್ದುದು ಎಂಟು ಹೆಸರು.

"ಯಾವತ್ತಿನೊಳಗೆ?"

"ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ."

ಲೂಸೆಟ್ ಗೋಡೆಯ ಕ್ಯಾಲೆಂಡರ್ ನೋಡಿದಳು. ಅವಳ ಕೋಪ ಇದ್ದಕ್ಕಿದ್ದಂತೆ ಇಳಿದು, ಆ ಜಾಗಕ್ಕೆ ಬೇರೇನೋ ಏರಿತು. ದೊಡ್ಡ ಹಬ್ಬದ ಅಡುಗೆ ಒಪ್ಪಿಕೊಂಡ ಕ್ಷಣದಲ್ಲಿ ಕೈಗಳಿಗೆ ಬರುತ್ತದಲ್ಲ, ಆ ತುರಿಕೆ.

"ಈ ಶಾಲೇಲಿ ಎಲ್ಲಾ ಮಕ್ಕಳೂ ದಿನಕ್ಕೊಂದ್ಸಲ ಯಾರ ಮುಂದೆ ಸಾಲು ನಿಲ್ತಾರೋ ಲಿಯೋ?" ಅಂದಳು. "ನಿನ್ನ ಮುಂದೇನಾ, ನನ್ನ ಮುಂದೇನಾ?"

ಅವತ್ತು ಸಂಜೆ ಅವಳು ಮನೆಯಲ್ಲಿ ನಾಲ್ಕು ಡಜನ್ ವೂಪಿ ಪೈ ಮಾಡಿದಳು. ಎರಡು ಕಪ್ಪು ಕೇಕುಗಳ ನಡುವೆ ಬೆರಳು ದಪ್ಪದ ಬಿಳಿ ಕೆನೆ. ಜೊಯೆಲ್ ಅಡುಗೆಮನೆಗೆ ಬಂದು, ಮೂರು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ಅಮ್ಮಾ, ಇದು ಲಂಚ."

"ಲಂಚ ಅಲ್ಲ ಕಣೇ, ಪ್ರೋತ್ಸಾಹ. ನಿನ್ನ ಹೆಸರು ಒಂದು. ಇನ್ನು ಏಳು. ಯಾರ್‍ಯಾರು ಬರಬಹುದು ಹೇಳು."

ಮಂಗಳವಾರದಿಂದ ಊಟದ ಸಾಲಿನಲ್ಲಿ ಹೊಸ ವಹಿವಾಟು ಶುರುವಾಯಿತು. ಜೊಯೆಲ್‌ಳ ಗೆಳತಿಯರಾದ ಸಿಯರ್ ಅವಳಿಗಳು ಇಬ್ಬರೂ ಪೈ ತೋರಿಸುವ ಮೊದಲೇ ಹೂಂ ಅಂದರು. ವಾಯುಪಡೆ ಸೇರಬೇಕೆಂದಿದ್ದ ಒಬ್ಬ ಮಾತಾಡದ ಹುಡುಗನಿಗೆ, ಪೈಲಟ್‌ಗಳೆಲ್ಲ ಇದನ್ನು ಓದಿರುತ್ತಾರೆ ಎಂದು ಲೂಸೆಟ್ ಸಾರು ಬಡಿಸುತ್ತಲೇ ಹೇಳಿ ಒಪ್ಪಿಸಿದಳು. ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ. ಮೇಷ್ಟ್ರು ಸೋಸಿಯೇ ತಮ್ಮ ತಂಗಿಯ ಮೊಮ್ಮಗಳನ್ನು ಕಿವಿ ಹಿಡಿದು ತಂದರು. ನರ್ಸ್ ಆಗಬೇಕೆಂದಿದ್ದವಳೊಬ್ಬಳು, ನಾಟಕದಲ್ಲಿ ಪಾರ್ಟು ಸಿಗದೆ ಆ ಪೀರಿಯಡ್ ಖಾಲಿ ಉಳಿದಿದ್ದವನೊಬ್ಬ. ಗುರುವಾರದ ಊಟದ ಹೊತ್ತಿಗೆ ಏಳಾಯಿತು. ಎಂಟನೆಯವನು ರೀಡ್ ಗೊಡಿನ್, ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಗಾಡಿ ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಇಲ್ಲ ಎಂದುಕೊಂಡಿದ್ದ ಹುಡುಗ.

"ಅದು ವೇಗದ ಲೆಕ್ಕವಂತೆ ಕಣೋ," ಅಂದಳು ಲೂಸೆಟ್. "ಯಾವ ಕ್ಷಣಕ್ಕೆ ಎಷ್ಟು ವೇಗ ಅಂತ."

"ನಿಜವಾಗ್ಲೂ ಮಿಸ್ ಲೂ? ಹಾಗಾದ್ರೆ ಬರೀರಿ ನನ್ನ ಹೆಸರು. ಪೈ ಎರಡು ಕೊಡಬೇಕು ಮತ್ತೆ."

ಮೂರು ಕೊಟ್ಟಳು. ಅವತ್ತು ರಾತ್ರಿಯ ಊಟಕ್ಕೆ ತಾಯಿ ಮಗಳು ಪ್ಲೋಯ್ ಮೇಲೆ ಬೆಣ್ಣೆ, ಮೇಪಲ್ ಪಾಕ ಸುರಿದುಕೊಂಡು ಬೆರಳು ಚೀಪುತ್ತ ತಿಂದರು. ವಾರವೆಲ್ಲ ಕಾಡಿನಲ್ಲಿ ಮರದ ಲಾರಿ ಓಡಿಸುವ ಗಂಡ ರೆನೋಗೆ ಫೋನಿನಲ್ಲಿ "ಎಂಟೂ ಆಯ್ತು ಕಣ್ರೀ!" ಎಂದು ಲೂಸೆಟ್ ಕಿರುಚಿದ ಸದ್ದಿಗೆ ನಾಯಿ ಮೇಜಿನ ಕೆಳಗೆ ಹೋಯಿತು.

ಶುಕ್ರವಾರ ಹನ್ನೊಂದೂ ಇಪ್ಪತ್ತಕ್ಕೆ, ಊಟದ ಸಾಲು ಶುರುವಾಗಲು ಹತ್ತು ನಿಮಿಷವಿರುವಾಗ, ರೀಡ್ ಅಡುಗೆಮನೆಯ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿತ್ತು. ಅದನ್ನು ನೋಡಿಯೇ ಸುದ್ದಿ ಒಳ್ಳೆಯದಲ್ಲ ಎಂದು ಲೂಸೆಟ್‌ಗೆ ತಿಳಿಯಿತು.

"ಮಿಸ್ ಲೂ, ತಪ್ಪು ತಿಳ್ಕೋಬೇಡಿ. ಡೀಸೆಲ್ ಎಂಜಿನ್ ತರಗತೀನೂ ಅದೇ ಪೀರಿಯಡ್ ಅಂತೆ. ಅದನ್ನ ಬಿಟ್ರೆ ಅಪ್ಪ ನನ್ನನ್ನ ಮನೆಗೇ ಸೇರಿಸಲ್ಲ. ಚಳಿಗಾಲದಲ್ಲಿ ಅವರೂ ನನ್ನ ಪಕ್ಕ ಬಂದು ಕೂರ್ತಾರೆ, ಹೊಲದವರೆಲ್ಲ ಕೂರ್ತಾರಲ್ಲ. ಪೈ ವಾಪಸ್ ಕೊಡೋಣ ಅಂದ್ರೆ ತಿಂದ್ಬಿಟ್ಟಿದೀನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಲೂಸೆಟ್‌ಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ. ಅವಳಿಗೆ ಕಂಡದ್ದು ಹಿಮ ಎತ್ತಿ ಹಾಕುತ್ತಿದ್ದ ಮಗಳ ಬೆನ್ನು. ಇನ್ನು ನಲವತ್ತು ನಿಮಿಷದಲ್ಲಿ ಎಂಟನೆಯವರನ್ನು ಎಲ್ಲಿಂದ ತರುವುದು? ಮಕ್ಕಳನ್ನೆಲ್ಲ ಜರಡಿ ಹಿಡಿದಾಗಿತ್ತು. ಆಗ ರೀಡ್‌ನ ಮಾತಿನ ಬಾಲ ಅವಳ ತಲೆಯಲ್ಲಿ ತಿರುಗಿತು. ಹೊಲದವರೆಲ್ಲ ಕೂರ್ತಾರಲ್ಲ.

ಕೂರುತ್ತಾರೆ. ಜನವರಿಯಲ್ಲಿ ನೆಲ ಕಲ್ಲಾಗಿರುವಾಗ ಊರಿನ ಗಂಡಸರು ಬಂದು ಡೀಸೆಲ್, ವೆಲ್ಡಿಂಗ್ ತರಗತಿಗಳಲ್ಲಿ ಮಕ್ಕಳ ಪಕ್ಕದಲ್ಲೇ ಕೂತು ಕಲಿಯುವುದು ಅವಳ ಅಜ್ಜನ ಕಾಲದಿಂದ ನಡೆದುಬಂದದ್ದು. ರೆನೋ ಕೂಡ ವೆಲ್ಡಿಂಗ್ ಕಲಿತದ್ದು ಹಾಗೆಯೇ. ಅದಕ್ಕೊಂದು ಹಳದಿ ಫಾರಂ ಇದೆ. ರೆನೋನ ಫಾರಂ ತುಂಬಿದ್ದು ಅವಳೇ.

"ಬರ್ನಿಸ್!" ಎಂದು ಜೊತೆಯ ಅಡುಗೆಯವಳನ್ನು ಕೂಗಿದಳು. "ಸೌಟು ಹಿಡ್ಕೋ. ಬರ್ತೀನಿ."

ತಲೆಗೆ ಕಟ್ಟಿದ ಬಲೆಯನ್ನೂ ಬಿಚ್ಚದೆ, ಏಪ್ರನ್ನಿನಲ್ಲೇ, ಲೂಸೆಟ್ ಓಡಿದಳು. ನಲವತ್ತೇಳು ವರ್ಷದ ಹೆಂಗಸು ಶಾಲೆಯ ಉದ್ದದ ಹಜಾರದಲ್ಲಿ ಓಡುವುದನ್ನು ಕಂಡು ಮಕ್ಕಳು ಬೆಂಕಿ ಬಿದ್ದಿದೆ ಎಂದುಕೊಂಡು ಗೋಡೆಗೆ ಒತ್ತಿ ನಿಂತರು.

ಪ್ರಿನ್ಸಿಪಾಲ್ ಹ್ಯಾಸ್ಕೆಲ್ ಕರಾವಳಿಯ ಕಡೆಯಿಂದ ಹೊಸದಾಗಿ ಬಂದವಳು, ಕೆಟ್ಟವಳಲ್ಲ, ಆದರೆ ನಿಯಮ ಎಂದರೆ ನಿಯಮ. ಅವಳ ಕೋಣೆಯಲ್ಲಿ ಲಿಯೋ ಏಳು ಹೆಸರಿನ ಪಟ್ಟಿ ಹಿಡಿದು, ಮೇಷ್ಟ್ರು ಸೋಸಿಯೇ ಸೀಮೆಸುಣ್ಣದ ಕೈ ಕಟ್ಟಿಕೊಂಡು, ಸಾವಿನ ಮನೆಯವರಂತೆ ಕೂತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು.

"ಹಳದಿ ಫಾರಂ ಕೊಡಿ," ಅಂದಳು ಲೂಸೆಟ್, ಏದುಸಿರು ಬಿಡುತ್ತ.

"ಯಾತಕ್ಕೆ?" ಅಂದಳು ಹ್ಯಾಸ್ಕೆಲ್.

"ಕ್ಯಾಲ್ಕುಲಸ್‌ಗೆ. ಎಂಟನೇ ಹೆಸರು ನಂದು."

ಲಿಯೋನ ಬಾಯಿ ತೆರೆದದ್ದು ತೆರೆದೇ ಇತ್ತು.

"ಮಿಸೆಸ್ ಮಿಶೋ, ಆ ಫಾರಂ ಇರೋದು ಡೀಸೆಲ್‌ಗೆ, ವೆಲ್ಡಿಂಗ್‌ಗೆ."

"ಹಾಗಂತ ಎಲ್ಲಿ ಬರೆದಿದೆ ತೋರಿಸಿ ಮೇಡಂ. ನಾನೇ ತುಂಬಿ ಗೊತ್ತು. 'ಪಾಠದ ಹೆಸರು' ಅಂತ ಇದೆ, ಮುಂದೆ ಖಾಲಿ ಗೆರೆ. ಎಂಟು ಜನ ದಾಖಲಾಗಬೇಕು ಅಂತಿದೆಯೋ, ಎಂಟು ಜನ ಹದಿನೇಳು ವರ್ಷದವರು ಅಂತಿದೆಯೋ? ಆ ಪೀರಿಯಡ್ಡಿನಲ್ಲಿ ನನಗೆ ಕೆಲಸ ಕಮ್ಮಿ. ಬೆಳಗಿನ ತಿಂಡಿ ಪಾತ್ರೆ ತೊಳೆದಾಗಿರುತ್ತೆ, ಮಧ್ಯಾಹ್ನದ್ದಕ್ಕೆ ಇನ್ನೂ ಹೊತ್ತಿರುತ್ತೆ."

ಹ್ಯಾಸ್ಕೆಲ್ ನಿಯಮದ ಪುಸ್ತಕ ತೆಗೆದಳು. ನಿಧಾನವಾಗಿ ಓದಿದಳು. ಗೋಡೆ ಗಡಿಯಾರ ಹನ್ನೊಂದೂ ನಲವತ್ತೊಂದು ತೋರಿಸುತ್ತಿತ್ತು. ಓದಿದ್ದನ್ನೇ ಮತ್ತೊಮ್ಮೆ ಓದಿದಳು. ಆಮೇಲೆ ಅವಳ ತುಟಿಯ ಒಂದು ಮೂಲೆಯಲ್ಲಿ ನಗು ಕಂಡಂತಾಯಿತು.

"ಆಗಬಹುದು. ಆದ್ರೆ ಎರಡು ಮಾತು. ಪಾಠ ತಗೊಳ್ಳೋ ಯೋಗ್ಯತೆ ಇದೆ ಅಂತ ಮೇಷ್ಟ್ರು ಸಹಿ ಮಾಡಬೇಕು. ಮತ್ತೆ ಮೊದಲ ಆರು ವಾರ ಎಂಟೂ ಜನ ಬರಲೇಬೇಕು, ಪರೀಕ್ಷೆ ಬರೀಲೇಬೇಕು. ಅಷ್ಟರಲ್ಲಿ ಒಬ್ಬರು ಬಿಟ್ಟರೂ ತರಗತಿ ನಿಲ್ಲುತ್ತೆ. ಹೆಸರಿಗೆ ಮಾತ್ರ ಕೂರೋ ಹಾಗಿಲ್ಲ."

ಎಲ್ಲರೂ ಸೋಸಿಯೇ ಕಡೆ ತಿರುಗಿದರು. ಎಪ್ಪತ್ತಕ್ಕೆ ಒಂದು ವರ್ಷ ಕಮ್ಮಿಯ ಮುದುಕ ಲೂಸೆಟ್‌ಳನ್ನು ಕನ್ನಡಕದ ಮೇಲಿಂದ ನೋಡಿದರು.

"ಬೀಜಗಣಿತ ಎಲ್ಲಿವರೆಗೂ ಓದಿದೀಯಮ್ಮ?"

ಲೂಸೆಟ್‌ಳ ಮುಖ ಕೆಂಪಾಯಿತು. ಒಂಬತ್ತನೇ ತರಗತಿಯ ನಡುವೆ ಅವಳನ್ನು ಬೀಜಗಣಿತದಿಂದ ತೆಗೆದು 'ಸಾಮಾನ್ಯ ಗಣಿತ'ಕ್ಕೆ ಹಾಕಿದ್ದರು. ಆ ವರ್ಷ ಮಳೆ ಹಿಡಿದು ಆಲೂಗಡ್ಡೆ ಕೊಯ್ಲು ಮೂರು ವಾರ ಜಾಸ್ತಿ ನಡೆದಿತ್ತು. ಅಪ್ಪ ಅವಳನ್ನು ಹೊಲದಿಂದ ಬಿಡಲಿಲ್ಲ. ಆದರೆ ಅದು ಪೂರ್ತಿ ಕತೆಯಲ್ಲ. ಜೊಯೆಲ್ ಗಟ್ಟಿಯಾಗಿ ಹೇಳಿಕೊಂಡು ಓದುವ ಹುಡುಗಿ. ಗೋಡೆಗೆ ಹೇಳುವ ಬದಲು ನಾಲ್ಕು ವರ್ಷದಿಂದ ದಿನಾ ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಪಾಠ ಹೇಳಿದ್ದಳು. ಆಲೂಗಡ್ಡೆ ಸುಲಿಯುತ್ತ, ಹಿಟ್ಟು ಕಲಸುತ್ತ, "ಅದ್ಯಾಕೆ ಹಾಗೆ, ಇನ್ನೊಂದ್ಸಲ ಹೇಳು" ಎನ್ನುತ್ತ ಲೂಸೆಟ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಶಾಲೇಲಿ ಅರ್ಧ ವರ್ಷ. ಮನೇಲಿ ನಾಲ್ಕು ವರ್ಷ, ಸರ್."

ಸೋಸಿಯೇ ಒಂದು ಕಾಗದದ ಮೇಲೆ ಲೆಕ್ಕ ಬರೆದು ತಳ್ಳಿದರು. ಲೂಸೆಟ್ ಪೆನ್ನು ಎತ್ತಿಕೊಂಡಳು. ಎರಡು ಕಡೆಯಿಂದಲೂ ಅದೇ ಸಂಖ್ಯೆ ಕಳೆದು, ಆವರಣ ಬಿಡಿಸಿ, ಕೊನೆಗೆ ಎರಡು ಉತ್ತರ ಬರೆದಳು. ಅವರು ನೋಡಿದರು. ಫಾರಂ ಎಳೆದುಕೊಂಡು ಸಹಿ ಹಾಕಿದರು. ಹನ್ನೊಂದೂ ಐವತ್ತೆರಡು.

"ಹೋ!" ಎಂದು ಲಿಯೋ ಕುರ್ಚಿಯಿಂದ ನೆಗೆದ ಪರಿಗೆ ಮೇಜಿನ ಮೇಲಿದ್ದ ಹ್ಯಾಸ್ಕೆಲ್ ಕಾಫಿ ಉರುಳಿತು. ಯಾರೂ ಬೈಯಲಿಲ್ಲ.

ಖುಷಿಪಡದೆ ಉಳಿದವಳು ಒಬ್ಬಳೇ.

"ಅಮ್ಮಾ! ನನ್ನ ತರಗತೀಲಿ? ನೀನು? ದಿನಾ?" ಜೊಯೆಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ನಿನ್ನ ಪಕ್ಕ ಕೂರಲ್ಲ ಬಿಡು. ಹಿಂದಿನ ಸಾಲಲ್ಲಿ ಕೂರ್ತೀನಿ."

"ಏಪ್ರನ್ ಹಾಕ್ಕೊಂಡು ಬರಬಾರದು. ಎಲ್ಲರ ಮುಂದೆ ಕಂದಾ ಗಿಂದಾ ಅನ್ನಬಾರದು. ಪ್ರಶ್ನೆ ಕೇಳಬಾರದು."

"ಮೊದಲ ಎರಡು ಒಪ್ಪಿದೆ," ಅಂದಳು ಲೂಸೆಟ್.

ಜನವರಿ ಕೊನೆಯ ವಾರ ಮುರಿದ ಕುರ್ಚಿಗಳು ಹೊರಗೆ ಬಂದವು, ಎಂಟು ಮಂದಿ ಒಳಗೆ ಹೋದರು. ಸೋಸಿಯೇ ಆವತ್ತು ಟೈ ಕಟ್ಟಿಕೊಂಡು ಬಂದಿದ್ದರು. ಹಲಗೆಯ ಮೇಲೆ ರಸ್ತೆಯೊಂದರ ಗೆರೆ ಎಳೆದು, "ನಲವತ್ತು ಮೈಲಿ ದೂರ, ಒಂದು ಗಂಟೆ ಹೊತ್ತು. ಪೊಲೀಸಿನವನು ನಿಮ್ಮನ್ನ ವೇಗ ಜಾಸ್ತಿ ಅಂತ ಹಿಡಿಯೋದು ನ್ಯಾಯಾನಾ?" ಎಂದು ಕೇಳಿದರು.

ಲೂಸೆಟ್‌ಗೆ ಮೈಯೆಲ್ಲ ಜುಮ್ಮೆಂದಿತು. ಎರಡು ವರ್ಷದ ಹಿಂದೆ ಚರ್ಚಿನ ಇಳಿಜಾರಿನಲ್ಲಿ ಅವಳನ್ನು ಹಿಡಿದ ಪೊಲೀಸಿನವನ ಜೊತೆ ಅವಳು ಅರ್ಧ ಗಂಟೆ ಜಗಳವಾಡಿದ್ದು ಇದೇ ಮಾತಿಗೆ.

"ನಾನೂ ಅದನ್ನೇ ಹೇಳಿದ್ದು ಸರ್!" ಎಂದು ಹಿಂದಿನ ಸಾಲಿನಿಂದ ಕೂಗಿದಳು. "ನಲವತ್ತು ಮೈಲಿಗೆ ಒಂದು ಗಂಟೆ ತಗೊಂಡಿದೀನಿ ಕಣಯ್ಯ, ಲೆಕ್ಕ ಹಾಕು ಅಂದೆ. ಕೇಳಲೇ ಇಲ್ಲ!"

ತರಗತಿಯೆಲ್ಲ ನಕ್ಕಿತು. ಜೊಯೆಲ್ ಪುಸ್ತಕದೊಳಗೆ ತಲೆ ಹುದುಗಿಸಿದಳು.

"ಅವನು ಕೇಳಿದ್ದು ಒಂದು ಗಂಟೇದಲ್ಲ," ಅಂದರು ಸೋಸಿಯೇ, ಕಣ್ಣು ಅರಳಿಸಿ. "ಆ ಒಂದು ಕ್ಷಣದ್ದು. ಕ್ಷಣ ಅಂದ್ರೆ ಎಷ್ಟು ಹೊತ್ತು? ಹೊತ್ತೇ ಇಲ್ಲದಿದ್ರೆ ದೂರ ಎಲ್ಲಿಂದ ಬಂತು? ದೂರ ಇಲ್ಲದಿದ್ರೆ ವೇಗ ಎಲ್ಲಿಂದ ಬಂತು? ಈ ಪಾಠ ಪೂರ್ತಿ ಇರೋದು ಇಷ್ಟೇ ಜಗಳ."

ಲೂಸೆಟ್ ಆವತ್ತು ಅಡುಗೆಮನೆಗೆ ಓಡಿ ಬಂದು ಬರ್ನಿಸ್‌ಗೆ ಪೊಲೀಸಿನವನ ಪರವಾಗಿ ವಾದ ಮಾಡಿದಳು. ಅದನ್ನು ಕೇಳುತ್ತ ಬರ್ನಿಸ್ ಸಾಸನ್ನು ತಳ ಹತ್ತಿಸಿಬಿಟ್ಟಳು.

ಹುರುಪು ಹದಿನೈದು ದಿನ ಇತ್ತು. ಆಮೇಲೆ ಮೊದಲ ಪರೀಕ್ಷೆ ಬಂತು. ಜೊಯೆಲ್‌ಗೆ ತೊಂಬತ್ತೇಳು. ಲೂಸೆಟ್‌ಗೆ ಮೂವತ್ತೆಂಟು. ಕಾಗದವನ್ನು ನಾಲ್ಕಾಗಿ ಮಡಚಿ ಸ್ವೆಟರ್ ಜೇಬಿಗೆ ತುರುಕಿ, ತರಗತಿ ಖಾಲಿಯಾಗುವವರೆಗೂ ಕಾದು, ಲೂಸೆಟ್ ಮೇಷ್ಟ್ರ ಮೇಜಿನ ಮುಂದೆ ನಿಂತಳು.

"ಆರು ವಾರ ಕೂರ್ತೀನಿ ಸರ್, ಮಗಳಿಗೋಸ್ಕರ. ಪರೀಕ್ಷೇಲಿ ಹೆಸರು ಬರೆದು ಖಾಲಿ ಕಾಗದ ಕೊಡ್ತೀನಿ. ನನ್ನ ತಲೆಗೆ ಸಾಮಾನ್ಯ ಗಣಿತಾನೇ ಸರಿ ಅಂತ ಆಗಲೇ ಹೇಳಿದ್ರಲ್ಲ."

ಸೋಸಿಯೇ ಸೀಮೆಸುಣ್ಣ ಕೆಳಗಿಟ್ಟರು.

"ಲೂಸೆಟ್ ಬೂಶಾರ್, ಕಿಟಕಿ ಪಕ್ಕದ ಎರಡನೇ ಸಾಲು," ಅಂದರು. ಅದು ಅವಳ ತೌರಿನ ಹೆಸರು. "ಕೊಯ್ಲು ಮುಗಿಸಿ ಬಂದಾಗ ಕೈಯಲ್ಲಿ ಮಣ್ಣು ಹಾಗೇ ಇತ್ತು. ಮೂರು ವಾರದ ಪಾಠ ಹೇಳಿಕೊಡಬೇಕಾಗಿತ್ತು ನಾನು. ನನಗೆ ಪುರುಸೊತ್ತಿರಲಿಲ್ಲ. ನಿನ್ನನ್ನ ಇಳಿಸೋ ಚೀಟಿಗೆ ಸಹಿ ಹಾಕಿದ್ದು ನಾನೇ ಕಣಮ್ಮ. ನಿನ್ನ ತಲೆ ನೋಡಿ ಹಾಕಿದ್ದಲ್ಲ."

ಮೂವತ್ತಮೂರು ವರ್ಷ ಲೂಸೆಟ್ ತನ್ನ ತಲೆಯದೇ ತಪ್ಪು ಎಂದುಕೊಂಡಿದ್ದಳು. ಮೊದಲು ಸಿಟ್ಟು ಬಂತು, ಕೆಟ್ಟ ಸಿಟ್ಟು. ಆ ಮುದುಕನನ್ನು ಅಲ್ಲೇ ಬೈದುಬಿಡೋಣ ಎನ್ನಿಸಿತು. ಅವರ ಕಣ್ಣಲ್ಲಿ ನೀರಾಡಿದ್ದು ಕಂಡು ನುಂಗಿಕೊಂಡಳು.

"ಹಾಗಾದ್ರೆ ಆ ಮೂರು ವಾರ ಈಗ ಹೇಳಿಕೊಡಿ," ಅಂದಳು. "ನಾಳೆಯಿಂದ. ಬೆಳಿಗ್ಗೆ ಆರೂವರೆಗೆ ನಾನು ಒಲೆ ಹಚ್ಚೋಕೆ ಬರ್ತೀನಿ. ಕಾಫಿ ನಂದು."

ಹೀಗೆ ಮರುದಿನದಿಂದ ದಿನಾ ಬೆಳಿಗ್ಗೆ ಅಡುಗೆಮನೆಯ ಸ್ಟೀಲ್ ಮೇಜಿನ ಮೇಲೆ, ಮೊಟ್ಟೆಯ ತಟ್ಟೆಗಳ ನಡುವೆ, ಪಾಠ ನಡೆಯಿತು. ಎರಡನೇ ಪರೀಕ್ಷೆಯಲ್ಲಿ ಐವತ್ತಾರು. ಮೂರನೆಯದರಲ್ಲಿ ಎಪ್ಪತ್ತೊಂದು. ಆ ಎಪ್ಪತ್ತೊಂದನ್ನು ಅವಳು ಫ್ರಿಜ್ ಬಾಗಿಲಿಗೆ ಅಂಟಿಸಿದಳು, ಜೊಯೆಲ್‌ಳ ತೊಂಬತ್ತೆಂಟನ್ನು ಪಕ್ಕಕ್ಕೆ ಸರಿಸಿ. ಅಮ್ಮ ಬೇಡವೆಂದರೂ ಜೊಯೆಲ್ ತಾನೇ ಬ್ಯಾಗು ಎತ್ತಿಕೊಂಡು ಬಂದು ಹಿಂದಿನ ಸಾಲಿನಲ್ಲಿ, ಅವಳ ಪಕ್ಕದಲ್ಲಿ ಕೂರತೊಡಗಿದ್ದೂ ಆ ವಾರವೇ.

ಫೆಬ್ರವರಿ ಮಧ್ಯದಲ್ಲಿ ಲಿಯೋ ವರದಿ ಕಳಿಸುವ ದಿನ ಲೂಸೆಟ್‌ಳನ್ನು ಕೋಣೆಗೆ ಕರೆದಿದ್ದ. ತಿದ್ದಿದ ಪರಿಚಯ ಪತ್ರ, ಜೊಯೆಲ್‌ಳ ಅಂಕ, ಅವನ ತಪ್ಪೊಪ್ಪಿಗೆಯ ಕಾಗದ ಎಲ್ಲ ಪರದೆಯ ಮೇಲಿತ್ತು. ಐದು ಮನೆಗಳ ಪ್ರಶ್ನೆ ಬಂದಾಗ ಅವನು ಕುರ್ಚಿ ಸರಿಸಿ, "ಒತ್ತು," ಅಂದ. ಲೂಸೆಟ್ ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡು ಐದನೇ ಮನೆಯನ್ನು ಒತ್ತಿದಳು.

ಆರು ವಾರ ಮಾರ್ಚ್ ಮೊದಲಲ್ಲಿ ಮುಗಿಯಿತು. ನಾಟಕದ ಹುಡುಗ ಮರುದಿನವೇ ಬಿಟ್ಟ. ನೀನೂ ಬಿಡುತ್ತೀಯಾ ಎಂದು ಬರ್ನಿಸ್ ಕೇಳಿದಾಗ ಲೂಸೆಟ್, "ಉತ್ತರ ಬರೋ ಮೊದಲೇ ಬಿಟ್ರೆ ಶಕುನ ಚೆನ್ನಾಗಿರಲ್ಲ," ಅಂದಳು. ಎಲ್ಲರಿಗೂ ಅದನ್ನೇ ಹೇಳಿದಳು. ತನಗೂ ಅದನ್ನೇ ಹೇಳಿಕೊಂಡಳು.

ಉತ್ತರ ಬಂದದ್ದು ಮಾರ್ಚ್ ಕೊನೆಯ ಗುರುವಾರ, ಸಂಜೆ ಐದಕ್ಕೆ. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಜೊಯೆಲ್ ಕಂಪ್ಯೂಟರ್ ತೆರೆದು ಕೂತಿದ್ದಳು, ಇನ್ನೊಂದು ತುದಿಯಲ್ಲಿ ಲೂಸೆಟ್ ಲೆಕ್ಕದ ಹಾಳೆ ಹರಡಿಕೊಂಡು ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದಳು. ಫೋನಿನಲ್ಲಿ ರೆನೋ ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿಕೊಂಡು ಕಾಯುತ್ತಿದ್ದ. ಗಡಿಯಾರದ ನಿಮಿಷದ ಮುಳ್ಳು ಹನ್ನೆರಡು ದಾಟಿತು. ಜೊಯೆಲ್ ಒತ್ತಿದಳು. ಪರದೆ ನೋಡಿ ಅವಳ ಮುಖ ಹೇಗೆ ಆಯಿತೆಂದರೆ, ಹೂಂ ಅಂತಲೋ ಉಹೂಂ ಅಂತಲೋ ತಾಯಿಗೂ ತಿಳಿಯಲಿಲ್ಲ.

"ಏನೇ ಅದು, ಬಾಯಿ ಬಿಡೇ!"

"ತಗೊಂಡ್ರು," ಅಂದಳು ಜೊಯೆಲ್. ಆಮೇಲೆ ಚೀರಿದಳು. "ಅಮ್ಮಾ, ನನ್ನನ್ನ ತಗೊಂಡ್ರು!"

ಲೂಸೆಟ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದು ಮೇಜಿನ ಸುತ್ತ ಕುಣಿದರು, ಅತ್ತರು, ಮತ್ತೆ ಕುಣಿದರು. ಫೋನಿನಲ್ಲಿ ರೆನೋ ಲಾರಿಯ ಹಾರನ್ ಒತ್ತಿ ಹಿಡಿದವನು ಬಿಡಲೇ ಇಲ್ಲ, ನಾಯಿ ಊಳಿಟ್ಟಿತು. ಮುಂದಿನ ಅರ್ಧ ಗಂಟೆಯಲ್ಲಿ ಲಿಯೋ, ಬರ್ನಿಸ್, ಸಿಯರ್ ಅವಳಿಗಳು, ಕೊನೆಗೆ ಪ್ರಿನ್ಸಿಪಾಲ್ ಹ್ಯಾಸ್ಕೆಲ್ ಕೂಡ ಫೋನ್ ಮಾಡಿದರು. ಸೋಸಿಯೇಗೆ ಜೊಯೆಲ್ ತಾನೇ ಮಾಡಿದಳು. ಆ ಕಡೆಯಿಂದ ಕೇಳಿಸಿದ್ದು ಮುದುಕ ಮೂಗು ಎಳೆದುಕೊಂಡ ಸದ್ದು.

ಎಲ್ಲ ಅಡಗಿದ ಮೇಲೆ ಜೊಯೆಲ್ ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನು ಒಟ್ಟುಮಾಡಿ ಅಮ್ಮನ ಕೈಗೆ ಕೊಟ್ಟಳು.

"ಸಾಕಮ್ಮ, ನೀನು ಎಷ್ಟು ಕಷ್ಟಪಟ್ಟೆ ನಂಗೊತ್ತು. ಇನ್ನು ಬಿಡಬಹುದು ನೀನು. ಬೆಳಿಗ್ಗೆ ಆರೂವರೆಗೆ ಆ ಪಾಠ ಬೇಡ, ಬರ್ನಿಸ್ ಸಾಸ್ ಹತ್ತಿಸೋದೂ ಬೇಡ."

ಲೂಸೆಟ್ ಹಾಳೆಗಳನ್ನು ನೋಡಿದಳು. ಶಕುನದ ನೆಪ ಮುಗಿದಿತ್ತು, ಎಂಟರ ನೆಪ ಯಾವತ್ತೋ ಮುಗಿದಿತ್ತು. ಅವಳ ಕಿವಿ ಕೆಂಪಾಯಿತು, ಕದ್ದು ತಿನ್ನುವಾಗ ಸಿಕ್ಕಿಬಿದ್ದವಳಂತೆ.

"ಒಂದ್ಸಲ ಬಿಡಿಸಿದ್ರು ಕಣೇ. ಈ ಸಲ ಬಿಡಲ್ಲ," ಅಂದಳು. "ಆಮೇಲೆ ನಾಳೆ ಪರೀಕ್ಷೆ ಬೇರೆ ಇದೆ. ನೀನು ಓದಿದೀಯಾ?"

ಜೊಯೆಲ್ ಓದಿರಲಿಲ್ಲ. ಇವತ್ತಿನ ದಿನ ಯಾರಾದರೂ ಓದುತ್ತಾರೆಯೇ?

"ಕಾಲೇಜಿಗೆ ಸೇರಿಸ್ಕೊಂಡ್ರು ಅಂತ ನಾಳೆ ಸೊನ್ನೆ ತಗೊಳ್ಳೋಕಾಗುತ್ತಾ? ಕೂತ್ಕೋ," ಅಂದಳು ಲೂಸೆಟ್, ಹಾಳೆಗಳನ್ನು ಮತ್ತೆ ಮೇಜಿನ ಮೇಲೆ ಹರಡುತ್ತ. "ಈ ಆರನೇ ಲೆಕ್ಕ ನಂಗೆ ಬಂತು. ನಾನು ಹೇಳ್ಕೊಡ್ತೀನಿ."

ಜೊಯೆಲ್ ಆಲೂಗಡ್ಡೆ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಚಾಕು ತೆಗೆದುಕೊಂಡು, ಸಿಪ್ಪೆ ತೆಗೆಯುತ್ತ ಕೇಳತೊಡಗಿದಳು.